ಅಜ್ಜಿಯ ಕೋಣೆಯ ಬಿಳಿ ಪುಡಿ

"ಏನೋ ಇದು? ಇಲ್ಲಿ ಮೈದಾಹಿಟ್ಟು ಚೆಲ್ಲಿದ್ದು ಯಾರು?"

ಅಮ್ಮನ ದನಿ ಅಜ್ಜಿಯ ಕೋಣೆಯಿಂದ ಬಂತು. ಕುಂದಾಪುರದಲ್ಲಿ ನೆಂಟರ ಮನೆ ಒಕ್ಕಲು ಮುಗಿಸಿ ಸಾಗರಕ್ಕೆ ವಾಪಸ್ ಬಂದು ಹತ್ತು ನಿಮಿಷವೂ ಆಗಿರಲಿಲ್ಲ. ನಾನಿನ್ನೂ ಕಾರಿನಿಂದ ಚೀಲ ಇಳಿಸುತ್ತಿದ್ದೆ. ಅಮ್ಮ ಆಗಲೇ ಪೊರಕೆ ಹಿಡಿದಿದ್ದಳು. ಪ್ರಶ್ನೆಯ ಹಿಂದೆಯೇ ಕೆಮ್ಮೂ ಕೇಳಿಸಿತು.

ಹೋಗಿ ನೋಡಿದರೆ ಅಜ್ಜಿಯ ಕಪ್ಪು ಟ್ರಂಕು ಬೆಳ್ಳಗಾಗಿದೆ. ಮಂಚದ ಮೇಲೆ, ಕಿಟಕಿಯ ಸರಳಿನ ಮೇಲೆ, ಗೋಡೆಯಲ್ಲಿದ್ದ ಅಜ್ಜಿಯ ಫೋಟೊದ ಚೌಕಟ್ಟಿನ ಮೇಲೆ, ಎಲ್ಲ ಕಡೆ ನುಣ್ಣಗಿನ ಬಿಳಿ ಪುಡಿ. ಜಂತಿಗೆ ನೇತುಹಾಕಿದ್ದ ಐದು ಚೀಲಗಳಲ್ಲಿ ಎರಡರ ತುಂಬ ಅಣಬೆ. ಅಂಗೈ ಅಗಲಕ್ಕೆ ಅರಳಿ, ಅಂಚು ಮೇಲಕ್ಕೆದ್ದು, ಗಾಳಿಗೆ ಮಗುಚಿದ ಕೊಡೆಗಳ ಹಾಗೆ ನಿಂತಿದ್ದವು.

ಪುಡಿ ಎಲ್ಲಿಂದ ಬಂತು ಅಂತ ನನಗೆ ತಕ್ಷಣ ಗೊತ್ತಾಯಿತು. ತಪ್ಪು ಯಾರದು ಅಂತಲೂ. ಗುರುವಾರ ಹೊರಡುವಾಗ ಅಮ್ಮ, "ಕೊಯ್ದು ಫ್ರಿಜ್ಜಲ್ಲಿಟ್ಟು ಹೋಗೋಣ ಕಣೋ" ಅಂದಿದ್ದಳು. "ಮೂರು ಚೀಲದ್ದು ಕೊಯ್ಕೋ, ಈ ಎರಡು ಇರಲಿ, ನನಗೆ ಬೇಕು" ಅಂದವನು ನಾನೇ. ಬೇಕಾಗಿದ್ದು ಸಾರಿಗಲ್ಲ, ಫೋಟೊಗೆ.

ನಮ್ಮ ಮನೆಯ ಜಗಳದ ಮೂಲ ಇಷ್ಟೇ. ತಿನ್ನುವವರಿಗೆ ಎಳೆಯ ಅಣಬೆ ಬೇಕು. ಅಂಚು ಇನ್ನೂ ಒಳಕ್ಕೆ ಬಾಗಿರುವಾಗಲೇ ಕೊಯ್ದರೆ ಮೆತ್ತಗಿರುತ್ತದೆ, ರುಚಿ ಇರುತ್ತದೆ. ಮೈಕ್ರೋಸ್ಕೋಪಿಗೆ ಬಲಿತದ್ದು ಬೇಕು. ಬೀಜಕ ಅಂದರೆ ಬಲಿತ ಅಣಬೆ ತನ್ನ ಸಂತಾನಕ್ಕೆ ಉದುರಿಸುವ ಸೂಕ್ಷ್ಮ ಕಣ, ಕೋಣೆ ತುಂಬಿದ್ದ ಬಿಳಿ ಪುಡಿ ಅದೇ. ಬೀಜಕ ಬಿಡುವ ಹೊತ್ತಿಗೆ ಅಣಬೆ ಸಾರಿಗೆ ನಾರು. ಒಂದೇ ಚೀಲದ ಮೇಲೆ ಅಡುಗೆಮನೆ ಮತ್ತು ನಾನು ಇಬ್ಬರೂ ಕಣ್ಣಿಟ್ಟು ಕೂತಿದ್ದೆವು.

ಚಿಪ್ಪಣಬೆ ಬೆಳೆಯೋದು ಮಹಾ ವಿದ್ಯೆಯೇನಲ್ಲ ಅನ್ನುತ್ತಾರೆ. ನಿಜ. ಆದರೂ ಮೊದಲ ಸಲ ನಾನು ನಾಲ್ಕಕ್ಕೆ ನಾಲ್ಕೂ ಚೀಲ ಕೆಡಿಸಿದ್ದೆ. ಬೆಂಗಳೂರಿಗೆ ಹೋದಾಗ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಬೀಜ ತಂದಿದ್ದೆ. ಬೀಜ ಅಂತ ರೂಢಿಯ ಮಾತಷ್ಟೇ. ಬೇಯಿಸಿದ ಜೋಳದ ಕಾಳಿನ ಮೇಲೆ ಅಣಬೆಯ ಬಿಳಿ ಎಳೆ ಹಬ್ಬಿಸಿರುತ್ತಾರೆ, ಅದೇ ಬೀಜ. ಭತ್ತದ ಹುಲ್ಲನ್ನು ಎರಡು ಇಂಚಿಗೆ ಕತ್ತರಿಸಿ ರಾತ್ರಿಯಿಡೀ ನೆನೆಸಿದೆ. ಬೆಳಿಗ್ಗೆ ಹಂಡೆಯಲ್ಲಿ ಬೇಯಿಸಿದೆ. ಬಸಿದು, ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಒಂದು ಹಿಡಿ ಬೀಜ ಅಂತ ತುಂಬಿದೆ. ಎಲ್ಲ ಸರಿಯಾಗಿತ್ತು, ಆರಿಸಿದ್ದು ಮಾತ್ರ ಸಾಲದು. ವಾರದೊಳಗೆ ಚೀಲದ ತುಂಬ ಹಸಿರು ಬೂಷ್ಟು. ಟ್ರೈಕೋಡರ್ಮ. ಅಡಿಕೆ ತೋಟಕ್ಕೆ ದುಡ್ಡು ಕೊಟ್ಟು ತಂದು ಹಾಕುವ ಶಿಲೀಂಧ್ರವೇ, ಅಣಬೆ ಚೀಲಕ್ಕೆ ಕರೆಯದೆ ಬರುವ ಶತ್ರು.

ಆಮೇಲೆ ಕಲಿತದ್ದು ಮುಷ್ಟಿಯ ಲೆಕ್ಕ. ಹುಲ್ಲನ್ನು ಹಿಡಿದು ಬಲವಾಗಿ ಹಿಂಡಿದರೆ ಅಂಗೈ ಒದ್ದೆಯಾಗಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ಅದೊಂದು ಸರಿಹೋದ ಮೇಲೆ ಅಣಬೆ ತಾನಾಗಿ ಬಂತು. ಕತ್ತಲಲ್ಲಿ ಹದಿನೈದು, ಇಪ್ಪತ್ತು ದಿನ. ಹುಲ್ಲು ಪೂರ್ತಿ ಬೆಳ್ಳಗಾದ ಮೇಲೆ ಚೀಲ ಸೀಳಿ, ಸ್ವಲ್ಪ ಬೆಳಕು, ದಿನಕ್ಕೆರಡು ಸಲ ನೀರಿನ ತುಂತುರು. ಮಲೆನಾಡಿನ ಮಳೆಗಾಲದಲ್ಲಿ ಅದೂ ಜಾಸ್ತಿ ಬೇಡ. ಗುಂಡುಸೂಜಿ ತಲೆಯಷ್ಟು ಕಾಣಿಸಿಕೊಂಡದ್ದು ನಾಲ್ಕನೇ ದಿನಕ್ಕೆ ಕೊಯ್ಲಿಗೆ ಬರುತ್ತದೆ. "ಹುತ್ತದ ಅಣಬೆಯ ರುಚಿ ಇದಕ್ಕೆಲ್ಲಿ" ಅಂತ ಅಮ್ಮ ಮೊದಲ ದಿನವೇ ತೀರ್ಪು ಕೊಟ್ಟಳು. ಅದು ಗೆದ್ದಲು ತನ್ನ ಗೂಡಲ್ಲಿ ತನಗೋಸ್ಕರ ಸಾಕುವ ಅಣಬೆ, ನಮ್ಮ ಚೀಲಕ್ಕೆಲ್ಲ ಬಗ್ಗುವುದಿಲ್ಲ ಅಂದರೆ, "ಹಾಗಾದ್ರೆ ಗೆದ್ದಲೇ ನಿನಗಿಂತ ಜಾಣ" ಅಂದಳು.

ಮೈಕ್ರೋಸ್ಕೋಪು ಬಂದದ್ದು ಆಮೇಲೆ. ಅಂಬಾಲದಲ್ಲಿ ತಯಾರಾದ ಕಾಲೇಜು ಮಕ್ಕಳ ಮಾದರಿ, ಸೆಕೆಂಡ್ ಹ್ಯಾಂಡ್. ಕನ್ನಡಿಯ ಬದಲು ಎಲ್‌ಇಡಿ ಕೂರಿಸಿ ಅದರ ಮೇಲೆ ಟಿಶ್ಯೂ ಪೇಪರ್ ಮುಚ್ಚಿದೆ. ಐಪೀಸಿಗೆ ಮೊಬೈಲ್ ಹಿಡಿದರೆ ಕೈ ನಡುಗಿ ಎಲ್ಲ ಮಸುಕು. ಪಿವಿಸಿ ಪೈಪಿನ ತುಂಡಿನಿಂದ ಒಂದು ಕೊರಳು ಮಾಡಿ ಮೊಬೈಲ್ ಕವರಿಗೆ ಅಂಟಿಸಿದೆ. ಬಟನ್ ಒತ್ತಿದರೂ ಅಲ್ಲಾಡುತ್ತದೆ ಅಂತ ಎರಡು ಸೆಕೆಂಡಿನ ಟೈಮರ್ ಇಟ್ಟೆ. ಮೊದಲ ತಿಂಗಳು ದುಂಡಗೆ, ಕಪ್ಪು ಅಂಚಿನ, ಬಹಳ ಚೆಂದದ ಬೀಜಕಗಳ ಫೋಟೊ ತೆಗೆದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಗೆಳೆಯನಿಗೆ ಕಳಿಸುತ್ತಿದ್ದೆ. ಅವನು ಪಾಪ ಎರಡು ವಾರ ಸುಮ್ಮನಿದ್ದು, "ಮಾರಾಯ, ಅವೆಲ್ಲ ಗಾಳಿಗುಳ್ಳೆ" ಅಂದ. ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜನ್ನು, ಅಂದರೆ ಕವರ್‌ಸ್ಲಿಪ್ಪನ್ನು, ಓರೆಯಾಗಿ ಇಳಿಸಬೇಕು ಅಂತ ಗೊತ್ತಾದದ್ದು ಆಗ.

ಸರಿ, ಆ ಭಾನುವಾರ. ಅಮ್ಮನನ್ನು ಹೊರಗೆ ಕೂರಿಸಿ ಬಿಸಿನೀರು ಕೊಟ್ಟಾಯಿತು. ಪೊರಕೆ ಹಿಡಿದರೆ ಪುಡಿ ಮತ್ತೆ ಏಳುತ್ತದೆ, ಒದ್ದೆ ಬಟ್ಟೆಯಲ್ಲೇ ಒರೆಸಬೇಕು ಅಂತ ಹೆಂಡತಿ ಬಕೆಟ್ ತಂದಳು. ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡೆ. ಟ್ರಂಕಿಗೆ ಬಟ್ಟೆ ತಾಗಿಸುವ ಮೊದಲು ಒಂದು ತುಂಡು ಸೆಲೋಟೇಪ್ ಒತ್ತಿ ಪುಡಿ ಎತ್ತಿಕೊಂಡೆ. ಹೆಂಡತಿ ನೋಡಿದ ನೋಟದ ಬಗ್ಗೆ ಬರೆಯುವುದಿಲ್ಲ.

ಒರೆಸುವುದು ಮುಗಿಯುವ ಹೊತ್ತಿಗೆ ಮಗಳು ಟಾರ್ಚ್ ತಂದಳು. ಕಿಟಕಿ ಮುಚ್ಚಿ, ಅಣಬೆಯ ಅಡಿಯಿಂದ ಅಡ್ಡಕ್ಕೆ ಬೆಳಕು ಬಿಟ್ಟೆವು. ಬಾಗಿಲಲ್ಲಿ ನಿಂತೇ ಕಾಣಿಸಿತು. ಊದುಬತ್ತಿಯ ಹೊಗೆಯ ಹಾಗೆ ತೆಳ್ಳಗೆ ಇಳಿಯುತ್ತಿದೆ, ನಮ್ಮ ಉಸಿರಿಗೇ ಪಕ್ಕಕ್ಕೆ ವಾಲುತ್ತಿದೆ. ನೂರು ವರ್ಷದ ಹಿಂದೆ ಕೆನಡಾದ ವಿನ್ನಿಪೆಗ್‌ನಲ್ಲಿ ರೆಜಿನಾಲ್ಡ್ ಬುಲ್ಲರ್ ಎಂಬ ಪ್ರೊಫೆಸರ್ ಹೀಗೇ ಬೆಳಕಿನ ಕೋಲು ಹಾಯಿಸಿ ಅಣಬೆ ಬೀಜಕ ಬೀಳುವುದನ್ನು ನೋಡುತ್ತಿದ್ದರು. ಬೀಜಕದ ಬುಡದಲ್ಲಿ ಒಂದು ನೀರಿನ ಹನಿ ಕಟ್ಟುತ್ತದೆ. ಅದು ಬೀಜಕದ ಮೈಮೇಲಿನ ತೇವದ ಜೊತೆ ಸಟ್ಟನೆ ಕೂಡಿಕೊಂಡಾಗ ಬೀಜಕ ಚಿಮ್ಮುತ್ತದೆ. ಆ ಹನಿಗೆ ಈಗಲೂ ಬುಲ್ಲರ್ ಹನಿ ಅಂತಲೇ ಹೆಸರು. ಅಣಬೆಯ ಕೊಡೆಯ ಅಡಿಯಲ್ಲಿ ಸಾಲಾಗಿರುವ ತೆಳು ಹಾಳೆಗಳೇ ಕಿವಿರು, ಬೀಜಕ ಹುಟ್ಟುವುದು ಅವುಗಳ ಮೇಲೆ. ಎದುರಿನ ಕಿವಿರಿಗೆ ತಾಗದಷ್ಟು ದೂರ ಮಾತ್ರ ಹಾರಿ, ಆಮೇಲೆ ಎರಡು ಕಿವಿರುಗಳ ನಡುವೆ ನೆಟ್ಟಗೆ ಕೆಳಗಿಳಿಯುತ್ತದೆ. ಹೊರಗೆ ಬಂದ ಮೇಲೆ ಗಾಳಿ ಕರೆದುಕೊಂಡು ಹೋದಲ್ಲಿಗೆ. ನಮ್ಮಲ್ಲಿ ಅಜ್ಜಿಯ ಫೋಟೊದವರೆಗೆ.

"ಗುಡುಗಿಗೆ ಅಣಬೆ ಏಳುತ್ತೆ ಅಂತ ಅಜ್ಜಿ ಹೇಳ್ತಿದ್ರು ಅಲ್ವಾ ಅಪ್ಪ?" ಅಂದಳು ಮಗಳು. ಅಜ್ಜಿ ಒಬ್ಬರೇ ಅಲ್ಲ, ಲೋಕವೆಲ್ಲ ಹೇಳುತ್ತಿತ್ತು. 1729ರಲ್ಲಿ ಇಟಲಿಯ ಮಿಕೆಲಿ ಎಂಬಾತ ಕರಬೂಜದ ಹೋಳಿನ ಮೇಲೆ ಬೂಷ್ಟಿನ ಪುಡಿ ಹಾಕಿ, ಅದೇ ಬೂಷ್ಟು ಮತ್ತೆ ಹುಟ್ಟಿದ್ದನ್ನು ತೋರಿಸಿದ. ಹಾಗೆ ಬರೆದಿಟ್ಟರೂ ಬಹಳ ಜನ ನಂಬಲಿಲ್ಲ.

ಟೇಪಿನ ಪುಡಿ ಮೊದಲು ನೋಡಿದೆ. 40ರ ಲೆನ್ಸು, 10ರ ಐಪೀಸು, ಅಲ್ಲಿಗೆ 400 ಪಟ್ಟು. ಸಣ್ಣಕ್ಕಿ ಚೆಲ್ಲಿದ ಹಾಗೆ ಕಂಡಿತು. ಉದ್ದ ಸುಮಾರು 10 ಮೈಕ್ರಾನ್, ಅಗಲ ಅದರ ಮೂರನೇ ಒಂದು. ನಮ್ಮ ರಕ್ತದ ಕೆಂಪುಕಣ 7 ಅಥವಾ 8 ಮೈಕ್ರಾನ್ ಅಂದರೆ ಅಂದಾಜು ಸಿಗುತ್ತದೆ. ಗಾಜಿನಷ್ಟು ಪಾರದರ್ಶಕ. ಬೆಳಕು ಪೂರ್ತಿ ಬಿಟ್ಟರೆ ಮಾಯವೇ ಆಗುತ್ತವೆ. ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಕೆಳಗಿನ ಡಯಾಫ್ರಮ್ ಮುಚ್ಚುತ್ತಾ ಹೋದಂತೆ ಒಂದೊಂದಕ್ಕೂ ಅಂಚು ಮೂಡುತ್ತದೆ. ಚೆನ್ನಾಗಿತ್ತು. ಆದರೆ ನನಗೆ ಬೇಕಾಗಿದ್ದು ಉದುರಿದ ಅಕ್ಕಿಯಲ್ಲ, ತೆನೆಯಲ್ಲಿರುವ ಅಕ್ಕಿ.

ಅದಕ್ಕೆ ಕಿವಿರನ್ನು ಅಡ್ಡಕ್ಕೆ ತೆಳ್ಳಗೆ ಕತ್ತರಿಸಬೇಕು. ಹೊಸ ಶೇವಿಂಗ್ ಬ್ಲೇಡು. ಅಣಬೆಯ ಚೂರನ್ನು ಸೀಳಿದ ಕ್ಯಾರೆಟ್ಟಿನ ನಡುವೆ ಸಿಕ್ಕಿಸಿ, ಕ್ಯಾರೆಟ್ ಸಮೇತ ಕೊಯ್ಯುವುದು ಗೆಳೆಯ ಕಲಿಸಿದ ಉಪಾಯ. ಮೂವತ್ತು ಸಲ ಕೊಯ್ದರೆ ಒಂದೋ ಎರಡೋ ಬೆಳಕು ಹಾಯುವಷ್ಟು ತೆಳು ಬರುತ್ತವೆ. ಅವನೇ ಕೊಟ್ಟ ಕಾಟನ್ ಬ್ಲೂ ಬಣ್ಣದ ಒಂದು ತೊಟ್ಟು. ಅದರಲ್ಲಿ ಫೀನಾಲ್ ಇರುತ್ತದೆ, ಕೈಗೆ ತಾಗಿದರೆ ಸುಡುತ್ತದೆ. ಹಾಗಾಗಿ ಮಗಳನ್ನು ಮೇಜಿನ ಹತ್ತಿರ ಬಿಡಲಿಲ್ಲ. ಅದಕ್ಕೆ ಅವಳಿಗೆ ಸಿಟ್ಟು. ಮಧ್ಯಾಹ್ನದ ಊಟಕ್ಕೆ ಕರೆದರು, ಹೋಗಲಿಲ್ಲ. ಹೆಂಡತಿಗೂ ಸಿಟ್ಟು.

ಮೂರೂವರೆ ಗಂಟೆಗೆ ಸಿಕ್ಕಿತು. ಕಿವಿರಿನ ಅಂಚಿನಲ್ಲಿ ಉದ್ದುದ್ದ ಕೋಶಗಳು ಸಾಲಾಗಿ ನಿಂತಿವೆ. ನೀಲಿ ಬಣ್ಣ ಹಿಡಿದಿದೆ. ಅದರಲ್ಲೊಂದರ ನೆತ್ತಿಯಲ್ಲಿ ನಾಲ್ಕು ಸಣ್ಣ ಕೊಂಬು, ಪ್ರತಿ ಕೊಂಬಿನ ತುದಿಯಲ್ಲಿ ಒಂದು ಬೀಜಕ. ನಾಲ್ಕೂ ಒಟ್ಟಿಗೆ ಫೋಕಸ್ಸಿಗೆ ಬರುವುದಿಲ್ಲ. ಎರಡು ಕಂಡರೆ ಹಿಂದಿನ ಎರಡು ಮಸುಕು. ನಾಬನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹನ್ನೊಂದು ಫೋಟೊ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಒಂದಾಗಿ ಜೋಡಿಸಿದೆ. ಅವತ್ತು ತೆಗೆದ ನೂರಾರು ಫೋಟೊಗಳಲ್ಲಿ ಉಳಿಸಿಕೊಳ್ಳುವಂಥದ್ದು ಅದೊಂದೇ.

ಇನ್ನೂ ಹತ್ತಿರ ನೋಡುವ ಆಸೆಗೆ 100ರ ಲೆನ್ಸು ತಿರುಗಿಸಿ ಎಣ್ಣೆ ಹಾಕಿದೆ. ಆ ಲೆನ್ಸಿಗೂ ಗಾಜಿಗೂ ನಡುವೆ ಗಾಳಿ ಇದ್ದರೆ ಬೆಳಕು ಬಾಗಿ ಕೈತಪ್ಪುತ್ತದೆ. ಗಾಜಿನಷ್ಟೇ ಬೆಳಕು ಬಾಗಿಸುವ ಎಣ್ಣೆ ಇದ್ದರೆ ನೇರ ಒಳಗೆ ಬರುತ್ತದೆ. ನೋಡಿದ್ದು ಮುಗಿದ ಮೇಲೆ ಎಲ್ಲ ಕಲಿಕೆಯವರೂ ಮಾಡುವ ತಪ್ಪನ್ನೇ ಮಾಡಿದೆ. ಸ್ಲೈಡು ಒರೆಸದೆ ಮತ್ತೆ 40ಕ್ಕೆ ತಿರುಗಿಸಿದೆ. ಎಣ್ಣೆ ಅದಕ್ಕೂ ಮೆತ್ತಿತು. ಅಲ್ಲಿಗೆ ಆ ದಿನದ ಕೆಲಸ ಬಂದ್. ಮುಕ್ಕಾಲು ಗಂಟೆ ಲೆನ್ಸ್ ಪೇಪರಿನಲ್ಲಿ ಒರೆಸುತ್ತಾ ಕೂತೆ.

ರಾತ್ರಿ ಅಮ್ಮನಿಗೆ ಫೋಟೊ ತೋರಿಸಿದೆ. ರಾಜಿ ಮಾಡಿಕೊಳ್ಳುವ ಉದ್ದೇಶವೂ ಇತ್ತು. ಕನ್ನಡಕ ಏರಿಸಿ ನೋಡಿದಳು. ಕೆಮ್ಮಿದಳು. ಮೊಬೈಲನ್ನು ತಲೆಕೆಳಗೆ ಮಾಡಿ ಮತ್ತೆ ನೋಡಿದಳು.

"ಹಸುವಿನ ಕೆಚ್ಚಲು ಇದ್ದ ಹಾಗಿದೆಯಲ್ಲೋ. ನಾಲ್ಕು ಮೊಲೆ."

ಸರಿಯಾಗಿತ್ತು. ನನಗೆ ಹೊಳೆದೇ ಇರಲಿಲ್ಲ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಬಟನ್ ಅಣಬೆಯ ಹಳೇ ಫೋಟೊವೊಂದಿತ್ತು, ಅದನ್ನೂ ತೆಗೆದು ತೋರಿಸಿದೆ. ಎರಡು ದಿನ ಅರಳಲು ಬಿಟ್ಟು, ಕಿವಿರು ಕಂದು ಬಣ್ಣಕ್ಕೆ ತಿರುಗಿದ ಮೇಲೆ ಕೊಯ್ದದ್ದು. ಅದರಲ್ಲಿ ಕೊಂಬು ಎರಡೇ, ಬೀಜಕವೂ ಎರಡೇ. ಅದರ ಶಾಸ್ತ್ರೀಯ ಹೆಸರಿನಲ್ಲೇ ಬೈಸ್ಪೋರಸ್ ಅಂತಿದೆ, ಎರಡು ಬೀಜಕದ್ದು ಅಂತ. ಇದನ್ನೆಲ್ಲ ನಾನು ವಿವರಿಸುವ ಮೊದಲೇ ಅಮ್ಮ ಮೊಬೈಲ್ ವಾಪಸ್ ಕೊಟ್ಟಳು.

"ಇದು ಮೇಕೆ."

ಕೆಮ್ಮು ಮಾತ್ರ ಮೂರು ದಿನ ಬಿಡಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಮನೆಯಲ್ಲಿ ಪಾರಿವಾಳ ಸಾಕಿದ್ದೀರಾ?" ಪಾರಿವಾಳದ ಪುಡಿ, ಬೂಷ್ಟು ಹಿಡಿದ ಹುಲ್ಲಿನ ದೂಳು, ಅಣಬೆ ಬೀಜಕ, ಇವೆಲ್ಲ ಕೆಲವರ ಶ್ವಾಸಕೋಶಕ್ಕೆ ಒಂದೇ ಬಗೆಯ ತೊಂದರೆ ಕೊಡುತ್ತವಂತೆ. ಅಣಬೆ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡುವವರಿಗೆ ಬರುವ ಇಂಥ ಕಾಯಿಲೆಗೆ ಬೇರೆ ಹೆಸರೇ ಇದೆ. ಬೀಜಕ ಬಿಡದ ಚಿಪ್ಪಣಬೆಯ ತಳಿಗಳನ್ನು ಬೆಳೆಸಿರುವುದೂ ಇದೇ ಕಾರಣಕ್ಕೆ. ಅಮ್ಮನದು ಅಷ್ಟಕ್ಕೆ ಹೋಗಿರಲಿಲ್ಲ, ಸದ್ಯ. ಆದರೆ ಮುಚ್ಚಿದ ಕೋಣೆಯಲ್ಲಿ ಚೀಲ ಇಡಬೇಡಿ ಅಂತ ಡಾಕ್ಟರು ಖಡಕ್ಕಾಗಿ ಹೇಳಿದರು. ವಾಪಸ್ ಬರುವಾಗ ಆಟೋದಲ್ಲಿ ನಾನು ಬಾಯಿ ಬಿಡಲಿಲ್ಲ. ಅಮ್ಮನೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆ ವಾರವೇ ಚೀಲಗಳು ಅಜ್ಜಿಯ ಕೋಣೆ ಬಿಟ್ಟು ಹಿತ್ತಲಿನ ಕಟ್ಟಿಗೆ ಮನೆಗೆ ಹೋದವು. ಅಲ್ಲಿ ಮೂರು ಕಡೆ ಗೋಡೆ, ಒಂದು ಕಡೆ ಬಯಲು. ನಾಲ್ಕು ಚೀಲ ಅಡುಗೆಮನೆಗೆ. ಅಂಚು ಅರಳುವ ಮೊದಲೇ ಹೆಂಡತಿ ಕೊಯ್ಯುತ್ತಾಳೆ, ನಾನು ಮಾತಾಡುವಂತಿಲ್ಲ. ಐದನೆಯದು ನನ್ನದು, ಎಲ್ಲಕ್ಕಿಂತ ದೂರದ ಮೂಲೆಯಲ್ಲಿ. ಮಾಸ್ಕ್ ಹಾಕದೆ ಅದರ ಹತ್ತಿರ ಹೋಗುವ ಹಾಗಿಲ್ಲ. ಅಮ್ಮ ಅತ್ತ ಸುಳಿಯುವುದೇ ಇಲ್ಲ ಅಂತ ಮಾತಾಗಿದೆ. ಬಟ್ಟೆ ಒಣಹಾಕಲು ಹೋದಾಗ ದೂರದಿಂದಲೇ ಇಣುಕುತ್ತಾಳೆ ಅಂತ ನನಗೆ ಗೊತ್ತು.

ಮೊನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಿದ್ದೆ. ಹಿತ್ತಲಿನಿಂದ ಕೂಗಿದಳು.

"ಏಯ್, ಬಾರೋ. ನಿನ್ನ ಹಸು ಕರೆಯೋ ಹೊತ್ತಾಯ್ತು."