ಆರು ಗುಂಡಿನ ರಿವಾಲ್ವರ್ ಮತ್ತು ಒಂದು ಖಾರದ ಡಬ್ಬಿ

ನನ್ನ ಕೆಲಸ ತೊರೆಗಳ ಪಕ್ಕದಲ್ಲಿ. ಮೊಂಟಾನಾದ ಬೋಝ್‌ಮನ್ ಊರಿನ ದಕ್ಷಿಣಕ್ಕಿರುವ ಗ್ಯಾಲಟಿನ್ ಬೆಟ್ಟಗಳಿಗೆ ಬೇಸಿಗೆಯಲ್ಲಿ ವಾರಕ್ಕೆರಡು ದಿನ ಹತ್ತಿ, ಬಾಟಲಿಗಳಲ್ಲಿ ನೀರು ತುಂಬಿಕೊಂಡು, ಅದರ ಉಷ್ಣಾಂಶ, ಹರಿವು ಬರೆದುಕೊಂಡು ಇಳಿಯಬೇಕು. ಹೆಚ್ಚಿನ ದಿನ ಒಬ್ಬಳೇ. ತೀರ್ಥಹಳ್ಳಿ ಕಡೆಯ ಹಳ್ಳದ ದಂಡೆಯಲ್ಲಿ ಬೆಳೆದವಳಿಗೆ ನೀರಿನ ಸದ್ದು ಲಾಲಿಯಂತೆ. ಇಲ್ಲಿ ಆ ಸದ್ದೇ ಅಪಾಯ ಎಂಬುದು ಅರ್ಥವಾಗಲು ಎರಡು ವರ್ಷ ಹಿಡಿಯಿತು. ನಾನು ಬರುವುದು ಕರಡಿಗೆ ಕೇಳಿಸುವುದಿಲ್ಲ, ಅದು ಇರುವುದು ನನಗೆ ಕೇಳಿಸುವುದಿಲ್ಲ.

ಒಂದು ಸೆಪ್ಟೆಂಬರ್ ಬೆಳಗ್ಗೆ ಕಾಲುದಾರಿಯ ನಡುವೆ ದೊಡ್ಡದೊಂದು ಹಿಕ್ಕೆಯ ಗುಪ್ಪೆ. ಕಾಡುಹಣ್ಣಿನ ಬೀಜಗಳು ಅರೆಯದೆ ಹಾಗೆಯೇ ಇದ್ದವು, ಚಳಿಗೆ ಹಬೆಯಾಡುತ್ತಿತ್ತು. ನನ್ನ ಬಳಿ ಕರಡಿ ಸ್ಪ್ರೇ ಇತ್ತು, ಮೇಲೆ ಬರುವ ಕರಡಿಯ ಮುಖಕ್ಕೆ ಮೆಣಸಿನ ಖಾರ ಚಿಮ್ಮಿಸುವ ಡಬ್ಬಿ. ಎಲ್ಲಿತ್ತು ಎಂದರೆ, ಬೆನ್ನುಚೀಲದ ಒಳಗೆ, ಮಳೆಯಂಗಿಯ ಕೆಳಗೆ. ನಿಂತಲ್ಲೇ ನಿಂತು, ಅಜ್ಜ ತೋಟದ ಹಂದಿ ಓಡಿಸುವಾಗ ಕೂಗುತ್ತಿದ್ದ ಹಾಗೆ 'ಹೋಯ್, ಹೋಯ್' ಎಂದು ಕೂಗುತ್ತ ಹಿಂದಕ್ಕೆ ಸರಿದೆ. ಏನೂ ಬರಲಿಲ್ಲ. ಆ ದಿನದ ಮಾದರಿಗಳೂ ಬರಲಿಲ್ಲ.

ಮರುದಿನ ಕಚೇರಿಯಲ್ಲಿ ಎಲ್ಲರೂ ಕೋವಿ ತಜ್ಞರಾದರು. ಒಬ್ಬರು 44 ಮ್ಯಾಗ್ನಮ್ ರಿವಾಲ್ವರ್ ಎಂದರು, ಇನ್ನೊಬ್ಬರು 10 ಮಿಲಿಮೀಟರ್ ಗ್ಲಾಕ್ ಪಿಸ್ತೂಲು ಎಂದರು. ಮೂರನೆಯವರು, ಅದನ್ನೆಲ್ಲ ಬಿಡು, ನಿನಗಿಂತ ನಿಧಾನವಾಗಿ ಓಡುವವರನ್ನು ಜೊತೆಗೆ ಕರೆದುಕೊಂಡು ಹೋಗು ಎಂದರು. ಮೊಂಟಾನಾಕ್ಕೆ ಬಂದ ಪ್ರತಿಯೊಬ್ಬರಿಗೂ ಈ ಹಾಸ್ಯ ಒಮ್ಮೆ ಸಿಗುತ್ತದೆ. ಗ್ರಿಜ್ಲಿ ಎಂಬ ಇಲ್ಲಿನ ಕಂದು ಕರಡಿ ಗಂಟೆಗೆ ಸುಮಾರು 56 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಅದರ ಮುಂದೆ ನಮ್ಮ ಕಚೇರಿಯಲ್ಲಿ ಯಾರೂ ವೇಗದವರಲ್ಲ.

ನಮ್ಮ ಮನೆಯಲ್ಲಿ ಕೋವಿ ಹೊಸದಲ್ಲ. ಅಜ್ಜನ ಹತ್ತಿರ ಒಂಟಿ ನಳಿಗೆಯ ತೋಟಾ ಕೋವಿ ಇತ್ತು, ಬೆಳೆ ರಕ್ಷಣೆಗೆಂದು ಪರವಾನಗಿ. ಅಡಿಕೆ ತೋಟಕ್ಕೆ ಮಂಗ, ಗದ್ದೆಗೆ ಹಂದಿ. ಈಡು ಹೊಡೆಯುತ್ತಿದ್ದುದು ಹೆಚ್ಚಾಗಿ ಆಕಾಶಕ್ಕೆ. ಆಯುಧಪೂಜೆಯ ದಿನ ಕತ್ತಿ, ಹಾರೆಗಳ ಪಕ್ಕದಲ್ಲಿ ಅದಕ್ಕೂ ಕುಂಕುಮ. ಪರವಾನಗಿ ಪುಸ್ತಕದ ನವೀಕರಣಕ್ಕೆ ಅಜ್ಜ ಬಿಳಿ ಪಂಚೆ ಉಟ್ಟು ಶಿವಮೊಗ್ಗಕ್ಕೆ ಹೊರಡುತ್ತಿದ್ದರು, ಒಂದೇ ಓಡಾಟದಲ್ಲಿ ಕೆಲಸ ಮುಗಿದದ್ದು ನನಗೆ ನೆನಪಿಲ್ಲ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಯಲ್ಲಿ ಇಟ್ಟು ಬರಬೇಕು. ಮತದಾನ ಮುಗಿಯುವವರೆಗೆ ಹಂದಿಗಳಿಗೆ ಹಬ್ಬ ಎಂದು ಅಜ್ಜ ಗೊಣಗುತ್ತಿದ್ದರು. ಪಿಸ್ತೂಲು, ರಿವಾಲ್ವರ್ ಮಾತ್ರ ನಮಗೆ ಸಿನಿಮಾದ ವಸ್ತುಗಳು. ಇಲ್ಲಿನ ಅಂಗಡಿಗಳಲ್ಲಿ ಸಾಲುಸಾಲಾಗಿ ಮಲಗಿರುವ 9 ಮಿ.ಮೀ. ಪಿಸ್ತೂಲು ಭಾರತದಲ್ಲಿ ಜನಸಾಮಾನ್ಯರಿಗೆ ನಿಷಿದ್ಧ.

ಹಾಗಾಗಿ ಅಂಗಡಿಗೆ ಹೋದಾಗ ನಾನು ಅಜ್ಜನ ಮೊಮ್ಮಗಳೂ ಹೌದು, ಏನೂ ಗೊತ್ತಿಲ್ಲದವಳೂ ಹೌದು. ಕೌಂಟರಿನ ಹಿಂದಿದ್ದ ಮನುಷ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿ, ನಾನು ಬಾಯಿ ತೆರೆಯುವ ಮೊದಲೇ ಒಂದು ಪುಟ್ಟ ರಿವಾಲ್ವರ್ ಎತ್ತಿ ಗಾಜಿನ ಮೇಲಿಟ್ಟ. ಐದು ಗುಂಡಿನದು, ಅರ್ಧ ಕಿಲೋಗಿಂತ ಕಡಿಮೆ ತೂಕ, ಹಿಡಿ ನಸುಗೆಂಪು. ಹೆಂಗಸರಿಗೆ ಇದೇ ಸರಿ, ಹಗುರ, ಕೈಚೀಲದಲ್ಲಿ ಹಿಡಿಸುತ್ತದೆ ಎಂದ. ನಾನು ಕೇಳಿದ್ದು ಬೆಟ್ಟಕ್ಕೆ, ಅವನು ಕೊಟ್ಟದ್ದು ಕೈಚೀಲಕ್ಕೆ. ಧನ್ಯವಾದ ಹೇಳಿ ಹೊರಬಂದೆ.

ಆಮೇಲೆ ಮಾಡಿದ್ದು ಬುದ್ಧಿವಂತಿಕೆಯ ಕೆಲಸ. ಬಾಡಿಗೆಗೆ ಕೋವಿ ಕೊಡುವ ಗುಂಡಿನ ಅಭ್ಯಾಸದ ಮೈದಾನಕ್ಕೆ ಹೋಗಿ ಒಬ್ಬ ತರಬೇತುದಾರರನ್ನು ಹಿಡಿದೆ. ಅರವತ್ತು ದಾಟಿದ ಹೆಂಗಸು, ಬೆಳ್ಳಗಿನ ಜಡೆ, ಮಾತು ಕಡಿಮೆ. ಮೊದಲ ಅರ್ಧ ಗಂಟೆ ಗುಂಡು ಮುಟ್ಟಲು ಬಿಡಲಿಲ್ಲ. ಎಲ್ಲ ಕೋವಿಯೂ ಸದಾ ತುಂಬಿದೆ ಎಂದೇ ತಿಳಿ, ಹಾಳಾಗಬಾರದ ಯಾವುದರ ಕಡೆಗೂ ನಳಿಗೆ ತಿರುಗಿಸಬೇಡ, ಗುರಿ ಇಡುವವರೆಗೆ ಬೆರಳು ಟ್ರಿಗರ್ ಮೇಲೆ ಬೇಡ, ಗುರಿ ಏನು, ಅದರ ಹಿಂದೆ ಏನಿದೆ ಎಂಬುದನ್ನು ನೋಡು. ಈ ನಾಲ್ಕನ್ನು ನನ್ನ ಬಾಯಿಂದಲೇ ಹೇಳಿಸಿದರು, ಮಗ್ಗಿ ಒಪ್ಪಿಸಿದ ಹಾಗೆ. ಮೊದಲನೆಯದನ್ನು ಅಜ್ಜ ಬೇರೆ ರೀತಿ ಹೇಳುತ್ತಿದ್ದರು: ಖಾಲಿ ಕೋವಿಯೇ ಮನುಷ್ಯರನ್ನು ಕೊಲ್ಲುವುದು.

ಆ ಮಧ್ಯಾಹ್ನ ನಾಲ್ಕು ಕೋವಿ ಹಾರಿಸಿ ನೋಡಿದೆ. ಗ್ಲಾಕ್ 19, 9 ಮಿ.ಮೀ., ಹದಿನೈದು ಗುಂಡು. ಹಿತವಾಗಿತ್ತು, ಗುರಿಯೂ ಬಿತ್ತು. ಆದರೆ ಮೇಲಿನ ಸ್ಲೈಡ್ ಎಳೆಯುವಾಗ ತಣ್ಣನೆಯ ಬೆರಳು ಜಾರುತ್ತಿತ್ತು, ತೊರೆಯಲ್ಲಿ ಕೈ ಅದ್ದಿದ ಮೇಲೆ ನನ್ನ ಬೆರಳುಗಳು ಸದಾ ಹಾಗೆಯೇ ಇರುತ್ತವೆ. ಗ್ಲಾಕ್ 20, 10 ಮಿ.ಮೀ., ಕರಡಿ ನಾಡಿನಲ್ಲಿ ಈಗ ಬಹಳ ಹೆಸರಿರುವುದು. ಅದರ ಹಿಡಿ ನನ್ನ ಅಂಗೈಗೆ ದಪ್ಪ, ತೋರುಬೆರಳಿನ ತುದಿ ಮಾತ್ರ ಟ್ರಿಗರ್ ಮುಟ್ಟುತ್ತಿತ್ತು. ಮೂರನೆಯದು 44 ಮ್ಯಾಗ್ನಮ್ ರಿವಾಲ್ವರ್. ಒಂದೇ ಗುಂಡು ಹಾರಿಸಿದೆ. ನಳಿಗೆ ಆಕಾಶ ನೋಡಿತು, ಹೆಬ್ಬೆರಳಿನ ಬುಡ ಸಂಜೆಯವರೆಗೆ ಜುಮ್ಮೆನ್ನುತ್ತಿತ್ತು. ಕೋವಿಯನ್ನು ಮೇಜಿನ ಮೇಲಿಟ್ಟು, ಸಾಕು ಎಂದೆ. ತರಬೇತುದಾರರು ನಕ್ಕರು, ಇದುವರೆಗೆ ನೀನು ಆಡಿದ ಅತ್ಯಂತ ಸರಿಯಾದ ಮಾತು ಇದು ಎಂದರು.

ನಾಲ್ಕನೆಯದು ರೂಗರ್ ಜಿಪಿ100, 357 ಮ್ಯಾಗ್ನಮ್, ನಾಲ್ಕು ಇಂಚಿನ ನಳಿಗೆ, ಸುಮಾರು 1.1 ಕಿಲೋ ತೂಕ, ಆರು ಗುಂಡು. ಇದರ ಗುಣ ಸ್ವಲ್ಪ ವಿವರಿಸಬೇಕು, ನನಗೆ ಯಾರೂ ಮೊದಲೇ ಹೇಳಿರಲಿಲ್ಲ. 357ರ ರಿವಾಲ್ವರಿನಲ್ಲಿ 38 ಸ್ಪೆಷಲ್ ಎಂಬ ಮೆತ್ತಗಿನ ಗುಂಡನ್ನೂ ಹಾರಿಸಬಹುದು. ಎರಡರ ದಪ್ಪ ಒಂದೇ. 1930ರ ದಶಕದಲ್ಲಿ 357 ರೂಪಿಸುವಾಗ ತೋಟಾದ ಕೋಶವನ್ನು ಸುಮಾರು 3 ಮಿ.ಮೀ. ಉದ್ದ ಮಾಡಿದರು, ಹಳೆಯ 38ರ ಕೋವಿಗಳಲ್ಲಿ ಅದು ಕೂರಲೇಬಾರದೆಂದು. ಹಾಗಾಗಿ 38 ಇದರಲ್ಲಿ ನಡೆಯುತ್ತದೆ, ಇದರದ್ದು 38ರಲ್ಲಿ ನಡೆಯುವುದಿಲ್ಲ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಕಾಣೆ. ಮೆತ್ತಗಿನದರಲ್ಲಿ ಕೈ ಪಳಗಿಸಿ, ಗಟ್ಟಿಯದನ್ನು ಬೆಟ್ಟಕ್ಕೆ ಒಯ್ಯಬಹುದು. ಭಾರವೂ ಇಲ್ಲಿ ಉಪಕಾರಿ. ಭಾರದ ಕೋವಿ ಒದೆತವನ್ನು ತಾನೇ ನುಂಗುತ್ತದೆ, ಹಗುರದ್ದು ಪೂರ್ತಿ ನಿಮ್ಮ ಮಣಿಕಟ್ಟಿಗೆ ದಾಟಿಸುತ್ತದೆ. ಆ ನಸುಗೆಂಪು ಹಿಡಿಯ ರಿವಾಲ್ವರ್ ಕೊಂಡಿದ್ದರೆ ಎರಡನೆಯ ಸಲ ಅಭ್ಯಾಸಕ್ಕೇ ಹೋಗುತ್ತಿರಲಿಲ್ಲ. ಇನ್ನೊಂದು ಸಣ್ಣ ಖುಷಿ: ಹಿಂದೆ ಎದ್ದು ನಿಲ್ಲುವ ಆ ಬಡಿಗೆಗೆ ಅಜ್ಜನ ಬಾಯಲ್ಲಿ 'ಕುದುರೆ' ಎಂದು ಹೆಸರು. ಹೆಬ್ಬೆರಳಿನಲ್ಲಿ ಅದನ್ನು ಎಳೆದಾಗ ಬಂದ ಎರಡು ಹಂತದ ಕಟಕಟ ಸದ್ದಿಗೆ ನಮ್ಮ ಮನೆಯ ಜಗುಲಿ ನೆನಪಾಯಿತು.

ಎರಡನೆಯ ಪಾಠದಲ್ಲಿ ಅವಮಾನವಾಯಿತು. ಗುಂಡುಗಳು ಗುರಿಯ ಕೆಳಗೇ ಬೀಳುತ್ತಿದ್ದವು, ನಾನು ಕಣ್ಣಿನ ಮೇಲೆ ತಪ್ಪು ಹೊರಿಸಿದೆ, ಹೊಸ ಕನ್ನಡಕದ ಮೇಲೆ ಹೊರಿಸಿದೆ. ತರಬೇತುದಾರರು ಏನೂ ಹೇಳದೆ ನನಗೆ ಬೆನ್ನು ತಿರುಗಿಸಿ ತಾವೇ ಗುಂಡು ತುಂಬಿ ಕೊಟ್ಟರು. ಮೊದಲನೆಯದು ಹಾರಿತು. ಎರಡನೆಯದೂ ಹಾರಿತು. ಮೂರನೆಯ ಸಲ ಟ್ರಿಗರ್ ಎಳೆದಾಗ ಬರೀ 'ಟಿಕ್'. ಅಲ್ಲಿ ಅವರು ಆಗಲೇ ಹಾರಿಸಿದ ಖಾಲಿ ತೋಟಾ ಇಟ್ಟಿದ್ದರು. ಸದ್ದಿಲ್ಲ, ಒದೆತವಿಲ್ಲ, ಆದರೂ ನಳಿಗೆಯ ತುದಿ ಗೇಣುದ್ದ ಕೆಳಗೆ ಬಾಗಿ ನಿಂತಿತ್ತು. ಬಗ್ಗಿಸಿದ್ದು ಕೋವಿಯಲ್ಲ, ನಾನು. ಬರಲಿರುವ ಸದ್ದಿಗೆ ಹೆದರಿ ಮೊದಲೇ ಕೈ ಕುಗ್ಗಿಸುತ್ತಿದ್ದೆ, ಕಣ್ಣನ್ನೂ ಮುಚ್ಚುತ್ತಿದ್ದೆನಂತೆ. ಆ ಬಾಗಿದ ನಳಿಗೆಯನ್ನು ನಾನೇ ನೋಡುತ್ತ ನಿಂತದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಆಮೇಲೆ ಆರು ವಾರ, ಕಿವಿಗೆ ಎರಡು ಪದರದ ರಕ್ಷಣೆ ಹಾಕಿಕೊಂಡು, ಆರರಲ್ಲಿ ಮೂರು ಖಾಲಿ ತೋಟಾ ಬೆರೆಸಿಕೊಂಡು ಅಭ್ಯಾಸ. ರಾತ್ರಿ ಮನೆಯಲ್ಲಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ನಕಲಿ ತೋಟಾ ಹಾಕಿ ಬರೀ ಟ್ರಿಗರ್ ಎಳೆಯುವುದು, ನಳಿಗೆಯ ಮೇಲೆ ಒಂದು ನಾಣ್ಯ ಇಟ್ಟು. ನಾಣ್ಯ ಬೀಳಬಾರದು. ನನ್ನ ಗಂಡ ಇದಕ್ಕೆ ಸಂಧ್ಯಾವಂದನೆ ಎಂದು ಹೆಸರಿಟ್ಟರು.

ಕೊಳ್ಳುವ ಕಾಗದಪತ್ರ ಬೇಗ ಮುಗಿಯಿತು. 4473 ಎಂಬ ನಮೂನೆ ತುಂಬಬೇಕು. ಹುಟ್ಟಿದ ದೇಶ, ಪೌರತ್ವ, ಅಪರಾಧ ಇದೆಯೇ ಇತ್ಯಾದಿ. ಗಾಂಜಾ ಸೇದುತ್ತೀರಾ ಎಂಬ ಪ್ರಶ್ನೆಯೂ ಇದೆ. ಮೊಂಟಾನಾದಲ್ಲಿ ಗಾಂಜಾ ಅಂಗಡಿಗಳು ರಾಜಾರೋಷವಾಗಿ ತೆರೆದಿದ್ದರೂ ಕೇಂದ್ರದ ಕಾನೂನಿನಲ್ಲಿ ಅದು ಇನ್ನೂ ತಪ್ಪು ಎಂದು ಅದೇ ನಮೂನೆಯಲ್ಲಿ ಎಚ್ಚರಿಕೆ ಅಚ್ಚಾಗಿದೆ. ಅಂಗಡಿಯವರು ಹಿನ್ನೆಲೆ ವಿಚಾರಿಸಿದರು, ನಾನು ಒಂದು ಕಾಫಿ ಮುಗಿಸುವಷ್ಟರಲ್ಲಿ ಉತ್ತರ ಬಂತು. ಅಜ್ಜನ ಬಿಳಿ ಪಂಚೆ ನೆನೆದು ನಗು ಬಂತು, ಸ್ವಲ್ಪ ಭಯವೂ ಆಯಿತು. ಇಷ್ಟು ಸುಲಭವಾಗಬಾರದಿತ್ತೇನೋ. ಅಂದ ಹಾಗೆ, ಇಲ್ಲಿಗೆ ಹೊಸದಾಗಿ ಬಂದ ನಮ್ಮ ಹುಡುಗರು ಕೇಳುತ್ತಿರುತ್ತಾರೆ: ಎಚ್‌-1ಬಿ ವೀಸಾದಲ್ಲಿ ಇರುವವರು ಸಾಮಾನ್ಯವಾಗಿ ಕೋವಿ ಕೊಳ್ಳುವುದಿರಲಿ, ಇಟ್ಟುಕೊಳ್ಳುವಂತೆಯೂ ಇಲ್ಲ. ಬೇಟೆಯ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ, ಆದರೆ ಆ ದಾರಿ ಹಿಡಿಯುವ ಮೊದಲು ವಕೀಲರನ್ನು ಕೇಳಿ, ಗೆಳೆಯರನ್ನಲ್ಲ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಅಂಗಡಿಯಲ್ಲಿ ರಿವಾಲ್ವರ್, ಪಿಸ್ತೂಲು ಕೊಳ್ಳಲು 21 ತುಂಬಿರಬೇಕು.

ಇಷ್ಟೆಲ್ಲ ಬರೆದ ಮೇಲೆ ಹೇಳುತ್ತೇನೆ: ಬೆಟ್ಟದಲ್ಲಿ ನನ್ನ ಎದೆಯ ಮೇಲೆ ಮೊದಲು ಇರುವುದು ಖಾರದ ಡಬ್ಬಿ. ಕರಡಿ ಸಂಶೋಧಕ ಟಾಮ್ ಸ್ಮಿತ್ ಮತ್ತು ಸಂಗಡಿಗರು ಅಲಾಸ್ಕದ ಘಟನೆಗಳನ್ನು ಕಲೆಹಾಕಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಂದು ಕರಡಿಗಳ ಮೇಲೆ ಸ್ಪ್ರೇ ಬಳಸಿದಾಗ ನೂರರಲ್ಲಿ 92 ಸಲ ಅವು ಹಿಮ್ಮೆಟ್ಟಿದ್ದವು. ಅವರದ್ದೇ 2012ರ ಇನ್ನೊಂದು ಅಧ್ಯಯನ ಕೋವಿಗಳದ್ದು, 269 ಘಟನೆಗಳು. ಪಿಸ್ತೂಲು, ರಿವಾಲ್ವರ್‌ಗಳ ಯಶಸ್ಸು ನೂರಕ್ಕೆ 84. ಆದರೆ ಕೋವಿ ಬಳಸಿದವರಿಗೂ ಇದ್ದೂ ಬಳಸದವರಿಗೂ ಆದ ಗಾಯಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಎರಡು ಅಧ್ಯಯನಗಳ ಅಂಕಿಗಳನ್ನು ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಲ್ಲ, ಸಂದರ್ಭಗಳು ಬೇರೆ. ಆದರೂ ಬಾಗಿದ ನಳಿಗೆಯನ್ನು ಕಂಡವಳಿಗೆ ಇದು ಥಟ್ಟನೆ ಅರ್ಥವಾಯಿತು. ಸ್ಪ್ರೇಗೆ ಗುರಿ ಬೇಡ, ಎದುರಿಗೆ ಒಂದು ಮೋಡ ಸಾಕು. ಎದುರುಗಾಳಿ ಇದ್ದರೆ ಆ ಮೋಡ ನಮ್ಮ ಕಣ್ಣಿಗೇ ಬರುತ್ತದೆ ಎಂಬುದು ನಿಜ, ಡಬ್ಬಿ ಕೆಲವೇ ಸೆಕೆಂಡುಗಳಲ್ಲಿ ಖಾಲಿಯಾಗುವುದೂ ನಿಜ. ರಿವಾಲ್ವರ್ ಆ ಸೆಕೆಂಡುಗಳ ಆಚೆಗೆ. ಗ್ರಿಜ್ಲಿ 1975ರಿಂದ ಕಾನೂನಿನ ರಕ್ಷಣೆಯಲ್ಲಿದೆ, ಪ್ರಾಣಕ್ಕೆ ಬಂದಾಗಲ್ಲದೆ ಹೊಡೆಯುವಂತಿಲ್ಲ, ಹೊಡೆದರೆ ವರದಿ ಮಾಡಲೇಬೇಕು. ಪಕ್ಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಒಳಗೆ ಕೋವಿ ಒಯ್ಯಲು 2010ರಿಂದ ಅವಕಾಶವಿದೆ, ಹಾರಿಸಲು ಇಲ್ಲ.

ಎಲ್ಲಿ ಕಟ್ಟಿಕೊಳ್ಳುವುದು ಎಂಬುದು ಯಾವುದನ್ನು ಕೊಳ್ಳುವುದು ಎಂಬಷ್ಟೇ ದೊಡ್ಡ ಪ್ರಶ್ನೆ. ಸೊಂಟದಲ್ಲಿ ಆಗುವುದಿಲ್ಲ, ಅಲ್ಲಿ ಬೆನ್ನುಚೀಲದ ಪಟ್ಟಿ ಇರುತ್ತದೆ. ಒಂದು ವಾರ ಪ್ರಯತ್ನಿಸಿ ಸೊಂಟದ ಎಲುಬು ನೀಲಿಯಾದ ಮೇಲೆ ಎದೆಗೆ ಅಡ್ಡವಾಗಿ ಕಟ್ಟುವ ಚರ್ಮದ ಹೋಲ್ಸ್ಟರ್ ತೆಗೆದುಕೊಂಡೆ. ಸ್ಪ್ರೇ ಚೀಲದ ಭುಜಪಟ್ಟಿಯಲ್ಲಿ. ಬಗ್ಗಿ ನೀರು ತುಂಬುವಾಗ ಎರಡೂ ಮಂಡಿಗೆ ತಾಗುತ್ತವೆ, ಅದಕ್ಕೆ ಔಷಧಿಯಿಲ್ಲ. ಮನೆಯಲ್ಲಿ ಒಂಬತ್ತು ವರ್ಷದ ಮಗಳಿದ್ದಾಳೆ. ಆದ್ದರಿಂದ ಕೋವಿಗಿಂತ ಮೊದಲು ಕೊಂಡದ್ದು ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆ. ಅಮೆರಿಕದಲ್ಲಿ ಕೋವಿಯಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಈ ಮಾತು ತಿಳಿದ ಮೇಲೆ ಪೆಟ್ಟಿಗೆಯ ಸಂಖ್ಯೆಯನ್ನು ಮನೆಯಲ್ಲಿ ಎಲ್ಲೂ ಬರೆದಿಟ್ಟಿಲ್ಲ.

ಕಳೆದ ಜೂನ್‌ನಲ್ಲಿ ವಿಲೋ ಪೊದೆಗಳ ತಿರುವಿನಲ್ಲಿ ಮೂವತ್ತು ಹೆಜ್ಜೆ ದೂರದಲ್ಲಿ ಮೂಸ್ ಎಂಬ ದೊಡ್ಡ ಜಾತಿಯ ಜಿಂಕೆಯ ಒಂದು ಹೆಣ್ಣು ನಿಂತಿತ್ತು, ಪಕ್ಕದಲ್ಲಿ ಉದ್ದ ಕಾಲಿನ ಕಂದು ಮರಿ. ಕಿವಿಗಳು ಹಿಂದಕ್ಕೆ ಮಡಚಿದ್ದವು, ಭುಜದ ಕೂದಲು ನಿಮಿರಿತ್ತು. ನನ್ನ ಕೈ ತಾನಾಗಿ ಸ್ಪ್ರೇಗೆ ಹೋಗಿ ಅದರ ಕಿತ್ತಳೆ ಬಣ್ಣದ ತಡೆಯನ್ನು ತೆಗೆದಿತ್ತು. ದೊಡ್ಡ ಫರ್ ಮರವೊಂದರ ಹಿಂದಕ್ಕೆ ಸರಿದು, ಮೆಲ್ಲಗೆ ಅದರ ಜೊತೆ ಕನ್ನಡದಲ್ಲಿ ಮಾತಾಡಿದೆ, ಕೊಟ್ಟಿಗೆಯಲ್ಲಿ ಈದ ಹಸುವಿನ ಜೊತೆ ಅಮ್ಮ ಮಾತಾಡುತ್ತಿದ್ದ ಹಾಗೆ. ಐದು ನಿಮಿಷ ನೋಡಿ ಅದು ಮರಿಯನ್ನು ಕರೆದುಕೊಂಡು ಹೊಳೆ ದಾಟಿತು. ರಿವಾಲ್ವರ್ ಇದ್ದದ್ದು ಆಗ ನೆನಪಾಯಿತು. ಈಗ ಕೆಲವು ದಿನ ಅದು ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಒಂದು ಕಿಲೋ ಎಂದರೆ ಒಂದು ಲೀಟರ್ ನೀರಿನ ಮಾದರಿ.

ಭಾನುವಾರ ಫೋನಿನಲ್ಲಿ ಅಪ್ಪಯ್ಯನಿಗೆ ಎಲ್ಲ ವರದಿ ಒಪ್ಪಿಸಿದೆ. ಅಜ್ಜನ ಕೋವಿ ಈಗ ಅವರ ಹೆಸರಿನಲ್ಲಿದೆ.

"ಎಷ್ಟು ಗುಂಡು ಹಿಡಿಸುತ್ತದೆ?" ಎಂದು ಕೇಳಿದರು.

"ಆರು, ಅಪ್ಪಯ್ಯ."

ಆ ಕಡೆ ಸ್ವಲ್ಪ ಹೊತ್ತು ಮೌನ. ಕವಳ ಜಗಿಯುವ ಸದ್ದು.

"ಚುನಾವಣೆಗೆ ಅಲ್ಲಿಯೂ ಠಾಣೆಗೆ ಕೊಡಬೇಕೇನೇ?"

ಬೇಡ ಎಂದೆ. ನಂಬಲಿಲ್ಲ, ಅಮ್ಮನನ್ನು ಕೂಗಿ ಕರೆದು ಅವಳಿಗೂ ಅದನ್ನೇ ಇನ್ನೊಮ್ಮೆ ಹೇಳಿಸಿದರು.