ಗಂಡ ಹೊಡೆದರೂ ಆಶ್ರಯ ಕೊಡಬೇಕಾ?

ನಾನು ಕಾಲೇಜಿನಲ್ಲಿ ನಿರಾಶ್ರಿತರ ಕಾನೂನು ಪಾಠ ಮಾಡುತ್ತೇನೆ. ಮದುವೆ ಊಟಕ್ಕೆ ಕೂತರೂ ಪಕ್ಕದವರು ಕೇಳುವುದು ಇದನ್ನೇ: "ಗಂಡ ಹೊಡೆದ ಅಂತ ಅಮೆರಿಕಾಗೆ ಓಡಿಬಂದರೆ ಆಶ್ರಯ ಕೊಡಬೇಕಾ ಮೇಡಂ? ಅದು ಮನೆ ಜಗಳ ಅಲ್ವಾ?"

ಕೇಳುವುದು ಸಹಜವೇ. 1951ರ ನಿರಾಶ್ರಿತರ ಒಪ್ಪಂದದ ಪ್ರಕಾರ ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ಇಲ್ಲವೇ 'ನಿರ್ದಿಷ್ಟ ಸಾಮಾಜಿಕ ಗುಂಪು', ಈ ಐದರಲ್ಲೊಂದು ಕಾರಣಕ್ಕೆ ಹಿಂಸೆ ಆಗುತ್ತದೆ ಅನ್ನುವ, ಆಧಾರವಿರುವ ಭಯ ಇರಬೇಕು. ಹೆಣ್ಣು ಅನ್ನುವುದು ಪಟ್ಟಿಯಲ್ಲೇ ಇಲ್ಲ. ಹಾಗಾಗಿ ವಕೀಲರ ಗುದ್ದಾಟವೆಲ್ಲ ಆ ಗುಂಪಿನ ಸುತ್ತಲೇ.

ಪಶ್ಚಿಮ ಆಫ್ರಿಕಾದ ಟೋಗೋ ದೇಶದ ಫೌಜಿಯಾ ಕಸಿಂಜಾ ಕೇಸು ನೋಡಿ. ಅವಳ ಕುಲದಲ್ಲಿ ಹುಡುಗಿಯರ ಜನನಾಂಗ ಕತ್ತರಿಸುವ ಪದ್ಧತಿ. ಅಪ್ಪ ಇರುವವರೆಗೆ ಮಗಳ ತಂಟೆಗೆ ಯಾರೂ ಬರಲಿಲ್ಲ. ಅವರು ತೀರಿಕೊಂಡ ಮೇಲೆ ಸೋದರತ್ತೆ ಅವಳನ್ನು 45 ವರ್ಷದವನಿಗೆ ನಾಲ್ಕನೇ ಹೆಂಡತಿಯಾಗಿ ಗಂಟುಹಾಕಿದಳು. ಕತ್ತರಿಸುವ ಶಾಸ್ತ್ರ ಬಾಕಿ ಇತ್ತು. ಹುಡುಗಿಗೆ ಆಗ 17. ತಪ್ಪಿಸಿಕೊಂಡು 1994ರ ಡಿಸೆಂಬರ್‌ನಲ್ಲಿ ಅಮೆರಿಕಾದ ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ಇಳಿದವಳೇ ಆಶ್ರಯ ಕೇಳಿದಳು. ಸಿಕ್ಕಿದ್ದು ಜೈಲು, ಒಂದು ವರ್ಷಕ್ಕೂ ಜಾಸ್ತಿ. ಮೊದಲ ನ್ಯಾಯಾಧೀಶರು ಅವಳ ಮಾತನ್ನೇ ನಂಬಲಿಲ್ಲ.

ಮೇಲ್ಮನವಿ ಹಿಡಿದವರು ಕಾನೂನು ಪ್ರೊಫೆಸರ್ ಕ್ಯಾರನ್ ಮುಸಾಲೋ. 1996ರ ಜೂನ್‌ನಲ್ಲಿ ಗೆದ್ದರು. ಅಲ್ಲಿನ ವಲಸೆ ಮೇಲ್ಮನವಿ ಮಂಡಳಿ ಅವಳ 'ಸಾಮಾಜಿಕ ಗುಂಪನ್ನು' ಹೇಗೆ ಗುರುತಿಸಿತು ಗೊತ್ತಾ? ಆ ಕುಲದ, ಇನ್ನೂ ಕತ್ತರಿಸಿಕೊಳ್ಳದ, ಆ ಪದ್ಧತಿಯನ್ನು ವಿರೋಧಿಸುವ ಯುವತಿಯರು. ಅಷ್ಟು ಕಿರಿದಾದ ಬಾಗಿಲು. ನನ್ನ ವಿದ್ಯಾರ್ಥಿಗಳು ಇದನ್ನು ಓದಿ ನಗುತ್ತಾರೆ. ಆದರೆ ಆಮೇಲೆ ಬಂದವರೆಲ್ಲ ನುಸುಳಿದ್ದು ಅದರಲ್ಲೇ.

ಇನ್ನು ಮನೆ ಜಗಳದ ವಿಷಯ. ಪೊಲೀಸರು ಕಾಪಾಡಿದರೆ ಅದು ಆಶ್ರಯದ ಕೇಸೇ ಆಗಲ್ಲ. ಗ್ವಾಟೆಮಾಲಾದ ಒಬ್ಬ ಹೆಂಗಸಿನ ಮೂಗನ್ನೇ ಗಂಡ ಮುರಿದಿದ್ದ. ಪೊಲೀಸರು ಗಂಡ ಹೆಂಡಿರ ನಡುವೆ ನಾವು ಬರಲ್ಲ ಅಂದರು. 2014ರಲ್ಲಿ ಅದೇ ಮಂಡಳಿ, ಮದುವೆ ಬಿಟ್ಟು ಹೊರಬರಲಾಗದ ಅಲ್ಲಿನ ಹೆಂಗಸರೂ ಒಂದು ಗುಂಪಾಗಬಹುದು ಅಂತ ಒಪ್ಪಿತು. ಹೊಡೆದವನು ಗಂಡ, ಕೈಬಿಟ್ಟದ್ದು ಸರ್ಕಾರ. ನನ್ನ ಉತ್ತರ ಇಷ್ಟೇ.

ಅದೂ ನಿಲ್ಲಲಿಲ್ಲ ಅನ್ನಿ. ಮಂಡಳಿಯ ತೀರ್ಪನ್ನು ಬದಲಿಸುವ ಅಧಿಕಾರ ಅಮೆರಿಕಾದ ಅಟಾರ್ನಿ ಜನರಲ್‌ಗೆ ಇದೆ. 2018ರಲ್ಲಿ ಆ ಕುರ್ಚಿಯಲ್ಲಿದ್ದ ಜೆಫ್ ಸೆಷನ್ಸ್ ಆ ತೀರ್ಪನ್ನು ಕಿತ್ತುಹಾಕಿದರು. 2021ರಲ್ಲಿ ಅದೇ ಕುರ್ಚಿಗೆ ಬಂದ ಗಾರ್ಲೆಂಡ್, ಸೆಷನ್ಸ್ ಆದೇಶವನ್ನೇ ತೆಗೆದರು. 2025ರಲ್ಲಿ ಮತ್ತೆ ಉಲ್ಟಾ. ಕುರ್ಚಿ ಬದಲಾದರೆ ಕಾನೂನೂ ಬದಲು.

ಇಷ್ಟು ಕೇಳಿದ ಮೇಲೆ ಕೆಲವರು ಮೆಲ್ಲಗೆ, ಎಚ್-4 ವೀಸಾದಲ್ಲಿ, ಅಂದರೆ ಗಂಡನ ಕೆಲಸದ ವೀಸಾ ನಂಬಿಕೊಂಡು, ಅಲ್ಲಿರುವ ಮಗಳಿಗೆ ಏನು ದಾರಿ ಅಂತಾರೆ. ಅವಳಿಗೆ ಬೇಕಾದ್ದು ಆಶ್ರಯ ಆಗಿರಲಿಕ್ಕಿಲ್ಲ. ಅಪರಾಧಕ್ಕೆ ಬಲಿಯಾಗಿ, ತನಿಖೆಗೆ ನೆರವಾಗುವವರಿಗೆ ಯು ವೀಸಾ ಅಂತ ಇದೆ. ವರ್ಷಕ್ಕೆ 10,000 ಮಾತ್ರ, ಸಾಲು ಉದ್ದ. ಆದರೂ ಮೊದಲು ಪೊಲೀಸರಿಗೆ ಹೇಳಲಿ, ಪಾಸ್‌ಪೋರ್ಟ್ ಅವಳ ಕೈಯಲ್ಲೇ ಇರಲಿ.