ಅವ್ವನ ಕಿತ್ತಳೆ ಜಾಕೆಟ್
ಕಾರವಾರ, ಜನವರಿ 19, 2025, ಭಾನುವಾರ

ಬೆಳಿಗ್ಗೆ ಎಂಟಕ್ಕೆಲ್ಲ ಕೋಡಿಬಾಗದ ದಡದಲ್ಲಿದ್ದೆವು. ನಾನು, ಅವ್ವ, ಜೊತೆಗೆ ಹುಬ್ಬಳ್ಳಿಯ ಒಂದು ಕುಟುಂಬ. ಮಧ್ಯಾಹ್ನದ ತನಕ ಸಮುದ್ರದಲ್ಲಿ ಸುತ್ತಾಟ, ಡಾಲ್ಫಿನ್, ಬೋಟಿನಲ್ಲೇ ಊಟ ಅಂತ ಫೋನಿನಲ್ಲಿ ಹೇಳಿದ್ದರು.

ಶುರುವಾಗಿದ್ದೇ ಜಗಳದಿಂದ. ತಾಂಡೇಲ, ಅಂದರೆ ಬೋಟು ನಡೆಸುವವ, ಅವ್ವನ ಕೈಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕೊಟ್ಟ. ನಿನ್ನೆಯ ಒದ್ದೆ ಇನ್ನೂ ಆರಿರಲಿಲ್ಲ, ಮೀನಿನ ವಾಸನೆ ಬೇರೆ. ಇಳಕಲ್ ಸೀರೆಯ ಮೇಲೆ ಅದನ್ನು ಹಾಕಿಕೊಳ್ಳಲು ಅವ್ವ ಸುತಾರಾಂ ಒಪ್ಪಲಿಲ್ಲ. ‘ನಾ ಏನ್ ಈಜಾಕ ಬಂದೇನೇನು?’ ಅಂದಳು. ನಾನೂ, ‘ವಯಸ್ಸಾದವರು, ಬಿಡಿ’ ಅಂದೆ. ಆತ ಎಂಜಿನ್ ಆಫ್ ಮಾಡಿ ಸುಮ್ನೆ ಕೂತುಬಿಟ್ಟ. ‘ಅಮ್ಮ ಹಾಕ್ಲಿ, ಆಮೇಲೆ ಹೋಗುವ.’ ಹುಬ್ಬಳ್ಳಿಯವರು ನಮ್ಮನ್ನೇ ನೋಡತೊಡಗಿದರು. ಕೊನೆಗೆ ಅವ್ವ ಮುಖ ಗಂಟಿಕ್ಕಿಕೊಂಡೇ ತೋಳು ತೂರಿಸಿದಳು. ಒಂದು ಬಕಲ್ ಮುರಿದಿತ್ತು. ಆತನೇ ನೈಲಾನ್ ಹಗ್ಗದ ತುಂಡು ತಂದು ಗಂಟು ಹಾಕಿ, ಎರಡು ಸಲ ಜಗ್ಗಿ ನೋಡಿದ.

ಕಾಳಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಬೋಟು ಚೆನ್ನಾಗಿ ಕುಣಿಯಿತು. ಹಿಂದೆ ಸೇತುವೆ ಕಾಣುತ್ತಿತ್ತು. ಈಗ ಇರುವುದು ಹೊಸದೊಂದೇ. ಅದರ ಪಕ್ಕದ ಹಳೆಯದು ಹೋದ ಆಗಸ್ಟ್ 7ರ ನಡುರಾತ್ರಿ ಕುಸಿದು ಲಾರಿಯೊಂದು ನೀರಿಗೆ ಬಿದ್ದಿತ್ತು, ಚಾಲಕ ಬದುಕಿದ. ಪೇಪರಿನಲ್ಲಿ ಓದಿದ್ದೆ. ನೀರಿನ ಮೇಲೆ ಕೂತು ನೋಡಿದಾಗಲೇ ಅದು ಎಷ್ಟು ಎತ್ತರ ಅಂತ ಗೊತ್ತಾಗಿದ್ದು.

ಡಾಲ್ಫಿನ್ ಎಂದರೆ ಟಿವಿಯಲ್ಲಿ ಹಾರುತ್ತವಲ್ಲ, ಹಾಗೆ ಅಂದುಕೊಂಡಿದ್ದೆ. ಇಲ್ಲಿನವು ಅಷ್ಟಾಗಿ ಹಾರುವ ಜಾತಿಯಲ್ಲ, ಬೆನ್ನ ಮೇಲೆ ಸಣ್ಣ ಗೂನಿರುವ ಬೂದು ಬಣ್ಣದವು. ದಡದ ಹತ್ತಿರದ ಕಡಿಮೆ ಆಳದ ನೀರು, ಅಳಿವೆ, ಇವೇ ಅವುಗಳ ಜಾಗ. ಮೀನು ಅಲ್ಲೇ ಜಾಸ್ತಿ ಅಲ್ವಾ. ತಾಂಡೇಲ ಎಂಜಿನ್ ನಿಲ್ಲಿಸಿದ. ಮೊದಲು ಬಂದಿದ್ದು ಸದ್ದು. ಕುಕ್ಕರಿನ ಸೀಟಿ ಏಳುವ ಮೊದಲು ಬರುತ್ತದಲ್ಲ, ಅಂಥ ಒಂದು ‘ಫುಸ್’. ಆಮೇಲೆ ಒದ್ದೆ ರಬ್ಬರಿನಂಥ ಬೆನ್ನು ಮೇಲೆದ್ದು, ನಿಧಾನಕ್ಕೆ ಉರುಳಿ ಒಳಗೆ ಹೋಯಿತು. ಅದರ ಪಕ್ಕದಲ್ಲೇ ಒಂದು ಚಿಕ್ಕದು. ‘ಮರಿ ಐತೆಲೇ’ ಎಂದು ಅವ್ವ ನನ್ನ ತೋಳು ಹಿಡಿದಳು.

ಎರಡು ನಿಮಿಷವೂ ಆಗಿರಲಿಲ್ಲ. ಇನ್ನೊಂದು ಬೋಟು ಹಾಡು ಹಾಕಿಕೊಂಡು ಭರ್ರನೆ ಅವುಗಳ ಮೇಲೇ ಬಂತು. ಅಷ್ಟೇ, ಮುಗೀತು. ಹುಲಿಗೆ ಇರುವಷ್ಟೇ ರಕ್ಷಣೆ ಕಾನೂನಿನಲ್ಲಿ ಡಾಲ್ಫಿನ್‌ಗೂ ಇದೆ. ಹುಲಿಯ ಹಿಂದೆ ಹೀಗೆ ಜೀಪು ಓಡಿಸಿದರೆ ಬಿಡುತ್ತಾರಾ? ನಮ್ಮ ತಾಂಡೇಲ ಕೊಂಕಣಿಯಲ್ಲಿ ಏನೋ ಬೈದ. ಅರ್ಥ ಕೇಳಲಿಲ್ಲ.

ಕೂರ್ಮಗಡ ದ್ವೀಪದ ಹತ್ತಿರ ಬಿಳಿ ಹೊಟ್ಟೆಯ ಕಡಲ ಹದ್ದು ಕಂಡಿತು. ಅದರ ಕಾಲಲ್ಲಿ ಏನೋ ಉದ್ದಕ್ಕೆ ಜೋತಾಡುತ್ತಿತ್ತು. ಕಡಲ ಹಾವು! ದ್ವೀಪದ ಮೇಲೆ ನರಸಿಂಹನ ಗುಡಿ ಇದೆ. ಬನದ ಹುಣ್ಣಿಮೆಗೆ ಜಾತ್ರೆ, ಜನರೆಲ್ಲ ಬೋಟಿನಲ್ಲೇ ಬರುತ್ತಾರೆ. ಅವ್ವ ಕೂತಲ್ಲೇ ಕೈ ಮುಗಿದಳು. ತಾಂಡೇಲ ಎಂಜಿನ್ ಸದ್ದು ತಗ್ಗಿಸಿ ಹೇಳಿದ: ‘2019ರ ಜಾತ್ರೆ ಮುಗಿಸಿ ವಾಪಸ್ ಬರುವಾಗ ಬೋಟ್ ಮಗುಚಿತು. ಜನವರಿ 21. ಹದಿನಾರು ಜನ ಹೋದ್ರು. ಜಾಕೆಟ್ ಇರಲಿಲ್ಲ.’

ಅಷ್ಟು ಹೇಳಿ ಮತ್ತೆ ಚುಕ್ಕಾಣಿ ಹಿಡಿದ. ‘ವಯಸ್ಸಾದವರು, ಬಿಡಿ’ ಅಂದಿದ್ದು ನೆನಪಾಗಿ ನಾನು ಆ ಕಡೆ ಮುಖ ತಿರುಗಿಸಿದೆ.

ಗಾಳಿ ತಾಗದ ಕಡೆ ಲಂಗರು ಹಾಕಿ ಊಟ. ಅನ್ನ, ಸಾರು, ರವೆ ಹಚ್ಚಿ ಹುರಿದ ಬಂಗಡೆ, ಸೋಲಕಡಿ. ಅವ್ವ ಮಾತ್ರ ಮನೆಯಿಂದ ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದಳು. ನಾನು ಹುಬ್ಬಳ್ಳಿಯವರ ಮರೆಯಲ್ಲಿ ಕೂತು ಎರಡು ಬಂಗಡೆ ತಿಂದೆ. ಅವಳಿಗೆ ಗೊತ್ತಿತ್ತು, ಗೊತ್ತಿಲ್ಲದವಳಂತೆ ಸಮುದ್ರ ನೋಡುತ್ತಿದ್ದಳು. ತಾಂಡೇಲನಿಗೆ ಒಂದು ರೊಟ್ಟಿ ಕೊಟ್ಟಳು. ಆತ ಅದನ್ನು ಮುರಿದು ಮೀನಿನ ಸಾರಿನಲ್ಲಿ ಅದ್ದಿದಾಗ ಅವ್ವನ ಮುಖ ನೋಡಬೇಕಿತ್ತು.

ದೇವಗಡದ ಲೈಟ್‌ಹೌಸನ್ನು ದೂರದಿಂದಲೇ ನೋಡಿ ಬಂದೆವು. ದಕ್ಷಿಣಕ್ಕೆ ಹೋಗುವ ಹಾಗಿಲ್ಲ, ಅದು ನೌಕಾಪಡೆಯ ಸೀಬರ್ಡ್ ನೆಲೆ.

ಮೂರಕ್ಕೆ ದಡ. ಆಟೋ ಹತ್ತಿ ಕೂತಿದ್ದೆವು, ಬೋಟಿನ ಹುಡುಗ ಕೂಗುತ್ತಾ ಓಡಿ ಬಂದ. ಅವ್ವ ಜಾಕೆಟ್ ಬಿಚ್ಚಿಯೇ ಇರಲಿಲ್ಲ. ತಾಂಡೇಲ ಹಾಕಿದ ಗಂಟು ನನ್ನ ಕೈಗೆ ಬಗ್ಗಲಿಲ್ಲ. ಆಟೋದವನ ಕತ್ತರಿ ಇಸಿದುಕೊಂಡು ಹಗ್ಗ ಕತ್ತರಿಸಿದೆ.